ಮಾತನಾಡದ ಮೊದಲ ಗುರು

ವೈದ್ಯಕೀಯ ಕಾಲೇಜಿನಲ್ಲಿ ಸೀಟು ಸಿಕ್ಕಿತೆಂದರೆ ಮನೆಯಲ್ಲಿ ಹಬ್ಬದ ವಾತಾವರಣ. ನೆಂಟರಿಷ್ಟರು ಅಂದಿನಿಂದಲೇ ‘ಡಾಕ್ಟ್ರೇ’ ಎಂದು ಕರೆಯಲು ಶುರುಮಾಡುತ್ತಾರೆ. ನೆರೆಮನೆಯ ಅಜ್ಜಿ ತನ್ನ ಮಂಡಿನೋವಿಗೆ ಮಾತ್ರೆ ಕೇಳುವುದೂ ಉಂಟು. ಆದರೆ ಬಿಳಿಯ ಕೋಟು ತೊಟ್ಟು ಕಾಲೇಜಿನ ಮೆಟ್ಟಿಲು ಹತ್ತಿದ ವಿದ್ಯಾರ್ಥಿಗೆ ಮೊದಲ ವರ್ಷ ರೋಗಿಗಳ ಒಡನಾಟ ಸಿಗುವುದು ಕಡಿಮೆ. ಬೆಳಿಗ್ಗೆ ಎಂಟಕ್ಕೋ ಒಂಬತ್ತಕ್ಕೋ ಉಪನ್ಯಾಸ. ಅದು ಮುಗಿದ ಮೇಲೆ ಎರಡು ಗಂಟೆ ಶವಚ್ಛೇದನದ ಕೊಠಡಿ. ಮಧ್ಯಾಹ್ನ ಶರೀರಕ್ರಿಯಾಶಾಸ್ತ್ರ ಇಲ್ಲವೆ ಜೀವರಸಾಯನಶಾಸ್ತ್ರದ ಪ್ರಯೋಗಗಳು. ರಾತ್ರಿ ಹಾಸ್ಟೆಲಿನ ಮೇಜಿನ ಮೇಲೆ ದಪ್ಪ ಪುಸ್ತಕ. ಮಂಚದ ಕೆಳಗೆ ಹಿರಿಯ ವಿದ್ಯಾರ್ಥಿಯಿಂದ ಕೊಂಡ ಮೂಳೆಗಳ ಪೆಟ್ಟಿಗೆ.

ಹೀಗೆ ಜೀವ ಉಳಿಸುವ ವಿದ್ಯೆ ಆರಂಭವಾಗುವುದು ಜೀವವಿಲ್ಲದ ದೇಹದ ಮುಂದೆ. ಮೊದಲ ದಿನ ಆ ಕೊಠಡಿಯ ಬಾಗಿಲಲ್ಲೇ ಕಣ್ಣು, ಮೂಗು ಉರಿಸುವ ಫಾರ್ಮಲಿನ್ ವಾಸನೆ. ಕೆಲವರಿಗೆ ತಲೆ ಸುತ್ತುತ್ತದೆ; ಕೆಲವರು ಮಧ್ಯಾಹ್ನದ ಊಟ ಬಿಡುತ್ತಾರೆ. ವಾರ ಕಳೆಯುವುದರೊಳಗೆ ಎಲ್ಲವೂ ಅಭ್ಯಾಸವಾಗಿ, ಮೇಜಿನ ಸುತ್ತ ನಿಂತವರು ಸ್ನಾಯು, ನರ, ರಕ್ತನಾಳಗಳ ಹೆಸರು ಒಪ್ಪಿಸತೊಡಗುತ್ತಾರೆ. ಆ ಗಡಿಬಿಡಿಯಲ್ಲಿ ಮರೆತುಹೋಗುವ ಪ್ರಶ್ನೆ ಒಂದಿದೆ. ಮೇಜಿನ ಮೇಲೆ ಮಲಗಿರುವುದು ಯಾರು? ಆ ವ್ಯಕ್ತಿ ಅಲ್ಲಿಗೆ ಬಂದದ್ದು ಹೇಗೆ?

ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದರೆ ವೈದ್ಯಶಿಕ್ಷಣದ ಇತಿಹಾಸದ ಇನ್ನೊಂದು ಮುಖ ಕಾಣುತ್ತದೆ. ಮಹಾವೈದ್ಯರ, ಮಹಾಗ್ರಂಥಗಳ ಇತಿಹಾಸ ಎಲ್ಲರಿಗೂ ಗೊತ್ತಿರುವಂಥದು. ಆ ವೈದ್ಯರಿಗೆ ಪಾಠವಾದ ದೇಹಗಳ ಇತಿಹಾಸ ಅಷ್ಟು ಪರಿಚಿತವಲ್ಲ. ಗಲ್ಲಿಗೇರಿದವರು, ಗೋರಿಯಿಂದ ಕಳವಾದವರು, ದಿಕ್ಕಿಲ್ಲದೆ ಸತ್ತ ಬಡವರು, ಕೊನೆಗೆ ತಾವಾಗಿಯೇ ದೇಹ ಕೊಟ್ಟವರು: ಇವರೇ ಆ ಇತಿಹಾಸದ ನಾಯಕರು.

ಹರಿಯುವ ನೀರಿನಲ್ಲಿ ಏಳು ರಾತ್ರಿ

ಸತ್ತ ದೇಹವನ್ನು ನೋಡಿ ಕಲಿಯಬೇಕೆಂಬ ವಿಚಾರ ನಮ್ಮ ದೇಶಕ್ಕೆ ಹೊಸದೇನಲ್ಲ. ಸುಶ್ರುತ ಸಂಹಿತೆಯ ಶಾರೀರಸ್ಥಾನದಲ್ಲಿ ಇದಕ್ಕೊಂದು ವಿಧಾನವನ್ನೇ ಹೇಳಲಾಗಿದೆ. ಅಂಗಾಂಗಗಳೆಲ್ಲ ಸರಿಯಾಗಿರುವ, ವಿಷದಿಂದ ಸಾಯದ, ದೀರ್ಘ ರೋಗದಿಂದ ನರಳದ, ತೀರಾ ಮುದಿಯೂ ಅಲ್ಲದ ದೇಹವನ್ನು ಆರಿಸಿಕೊಳ್ಳಬೇಕು. ಕರುಳಿನ ಮಲವನ್ನು ತೆಗೆದು, ಹುಲ್ಲು, ನಾರು ಮುಂತಾದವುಗಳಿಂದ ಸುತ್ತಿ, ಪಂಜರದಲ್ಲಿಟ್ಟು, ಜನರ ಕಣ್ಣಿಗೆ ಬೀಳದ ಕಡೆ ಹರಿಯುವ ನೀರಿನಲ್ಲಿ ಇಡಬೇಕು. ಏಳು ರಾತ್ರಿ ಕಳೆದ ಮೇಲೆ ಹೊರತೆಗೆದು, ಲಾವಂಚದ ಬೇರು, ಬಿದಿರು ಮೊದಲಾದವುಗಳಿಂದ ಮಾಡಿದ ಕುಂಚದಿಂದ ಮೆಲ್ಲಗೆ ಉಜ್ಜುತ್ತ, ಚರ್ಮದಿಂದ ತೊಡಗಿ ಒಳಗಿನ ಪ್ರತಿಯೊಂದು ಅಂಗವನ್ನೂ ಕಣ್ಣಾರೆ ನೋಡಬೇಕು. ಶಾಸ್ತ್ರದಲ್ಲಿ ಓದಿದ್ದನ್ನು ಹೀಗೆ ಕಣ್ಣಿನಿಂದ ನೋಡಿದ್ದರ ಜೊತೆ ಹೊಂದಿಸಿಕೊಂಡಾಗಲೇ ಜ್ಞಾನ ಪೂರ್ಣವಾಗುತ್ತದೆ ಎಂಬುದು ಸುಶ್ರುತನ ನಿಲುವು.

ಇಲ್ಲಿ ಕತ್ತಿಯ ಪ್ರಸ್ತಾಪವಿಲ್ಲ ಎಂಬುದು ಗಮನಿಸಬೇಕಾದ ಅಂಶ. ಶವವನ್ನು ಮುಟ್ಟುವುದರ ಬಗ್ಗೆ ಇದ್ದ ಅಳುಕು ಮತ್ತು ನೋಡಲೇಬೇಕೆಂಬ ಹಂಬಲ, ಇವೆರಡರ ನಡುವಿನ ದಾರಿ ಅದು. ಶತಮಾನಗಳು ಉರುಳಿದಂತೆ ಅಳುಕು ಗೆದ್ದಿತು. ಗ್ರಂಥ ಉಳಿಯಿತು, ಅಭ್ಯಾಸ ಅಳಿಯಿತು. ಸುಶ್ರುತನ ಲೆಕ್ಕದಲ್ಲಿ ಮೂಳೆಗಳು 300, ಚರಕನ ಲೆಕ್ಕದಲ್ಲಿ 360. ವಯಸ್ಕರ ದೇಹದಲ್ಲಿ ಇಂದು ಎಣಿಸುವ ಮೂಳೆಗಳು 206. ಹಲ್ಲು, ಉಗುರು, ಮೃದ್ವಸ್ಥಿಗಳನ್ನೂ ಹಿಂದಿನವರು ಮೂಳೆಯೆಂದೇ ಎಣಿಸಿದ್ದು ಈ ವ್ಯತ್ಯಾಸಕ್ಕೆ ಒಂದು ಕಾರಣ.

ಪಶ್ಚಿಮದಲ್ಲೂ ಇದೇ ಕಥೆ. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯ ನಗರದ ಹಿರಾಫಿಲಸ್ ಮತ್ತು ಎರಸಿಸ್ಟ್ರಾಟಸ್ ಮನುಷ್ಯರ ಶವಗಳನ್ನು ಛೇದಿಸಿ ನೋಡಿದ್ದರು. ಅನಂತರ ಆ ಪದ್ಧತಿ ನಿಂತುಹೋಯಿತು. ಕ್ರಿಸ್ತಶಕ ಎರಡನೆಯ ಶತಮಾನದ ಮಹಾವೈದ್ಯ ಗೇಲನ್ ಛೇದಿಸಿದ್ದು ಕೋತಿ, ಹಂದಿಗಳನ್ನು. ಅವುಗಳಲ್ಲಿ ಕಂಡದ್ದನ್ನೇ ಮನುಷ್ಯನಿಗೂ ಅನ್ವಯಿಸಿ ಬರೆದ. ಮುಂದೆ ಸುಮಾರು 1300 ವರ್ಷ ಯುರೋಪಿನಲ್ಲಿ ಅವನ ಮಾತೇ ವೇದವಾಕ್ಯವಾಯಿತು.

ಪೀಠದ ಮೇಲೆ ಗುರು, ಕೆಳಗೆ ಕ್ಷೌರಿಕ

ಇಟಲಿಯ ಬೊಲೊನ್ಯ ವಿಶ್ವವಿದ್ಯಾಲಯದ ಮೊಂಡಿನೊ ಎಂಬ ಅಧ್ಯಾಪಕ 1315ರ ಸುಮಾರಿಗೆ ಮನುಷ್ಯ ಶವವನ್ನು ವಿದ್ಯಾರ್ಥಿಗಳೆದುರು ಛೇದಿಸಿ ಪಾಠ ಮಾಡಿದ. 1316ರಲ್ಲಿ ಅದರ ಕೈಪಿಡಿಯನ್ನೂ ಬರೆದ. ಇಂದಿನ ಮೊದಲ ವರ್ಷದ ವಿದ್ಯಾರ್ಥಿ ಕಳೆಯುವ ಆ ಎರಡು ಗಂಟೆಗಳ ಮೂಲ ಇಲ್ಲಿದೆ ಎನ್ನಬಹುದು. ಆದರೆ ಅಂದಿನ ವಿದ್ಯಾರ್ಥಿಗೆ ಕತ್ತಿ ಹಿಡಿಯುವ ಭಾಗ್ಯವಿರಲಿಲ್ಲ. ಕೊಳೆಯುವ ಭಯದಿಂದ ಚಳಿಗಾಲದಲ್ಲಿ ಮಾತ್ರ ಪಾಠ. ಬೇಗ ಕೆಡುವ ಹೊಟ್ಟೆಯ ಭಾಗ ಮೊದಲು, ಆಮೇಲೆ ಎದೆ, ತಲೆ, ಕೊನೆಗೆ ಕೈಕಾಲು. ನಾಲ್ಕು ದಿನಗಳಲ್ಲಿ ಎಲ್ಲ ಮುಗಿಯಬೇಕು. ಕ್ರಮೇಣ ಒಂದು ವಿಚಿತ್ರ ಶ್ರಮವಿಭಜನೆ ರೂಢಿಗೆ ಬಂತು. ಗುರು ಎತ್ತರದ ಪೀಠದಲ್ಲಿ ಕುಳಿತು ಗೇಲನ್ನನ ಮಾತನ್ನು ಓದುತ್ತಾನೆ. ಕೆಳಗೆ ಕ್ಷೌರಿಕನೊಬ್ಬ ಶವವನ್ನು ಕೊಯ್ಯುತ್ತಾನೆ. ಇನ್ನೊಬ್ಬ ಕೋಲಿನಿಂದ ಅಂಗಗಳನ್ನು ತೋರಿಸುತ್ತಾನೆ. ಪುಸ್ತಕಕ್ಕೂ ದೇಹಕ್ಕೂ ತಾಳೆಯಾಗದಿದ್ದರೆ ತಪ್ಪು ದೇಹದ್ದು!

ಈ ನಾಟಕಕ್ಕೆ ತೆರೆ ಎಳೆದವನು ಆಂಡ್ರಿಯಸ್ ವೆಸೇಲಿಯಸ್. 1514ರಲ್ಲಿ ಬ್ರಸೆಲ್ಸ್‌ನಲ್ಲಿ ಹುಟ್ಟಿದ ಈತ ವಿದ್ಯಾರ್ಥಿದೆಸೆಯಲ್ಲೇ ಲೂವೆನ್ ಊರಿನ ಹೊರಗಿನ ಗಲ್ಲುಗಂಬದಿಂದ ಅಪರಾಧಿಯೊಬ್ಬನ ಎಲುಬುಗಳನ್ನು ಕಿತ್ತು, ಗುಟ್ಟಾಗಿ ಮನೆಗೆ ಸಾಗಿಸಿ ಅಸ್ಥಿಪಂಜರ ಜೋಡಿಸಿದ. ಇದನ್ನು ಅವನೇ ಬರೆದುಕೊಂಡಿದ್ದಾನೆ. 1537ರಲ್ಲಿ ಪಡುವಾದಲ್ಲಿ ಅಧ್ಯಾಪಕನಾದಾಗ ಪೀಠದಿಂದ ಕೆಳಗಿಳಿದು ತಾನೇ ಕತ್ತಿ ಹಿಡಿದ. 1543ರಲ್ಲಿ ಬಾಸೆಲ್‌ನಲ್ಲಿ ಅಚ್ಚಾದ ಅವನ ಮಹಾಗ್ರಂಥ ಗೇಲನ್ನನ ನೂರಾರು ತಪ್ಪುಗಳನ್ನು ಎತ್ತಿ ತೋರಿಸಿತು. ಮನುಷ್ಯನ ಕೆಳದವಡೆ ಎರಡು ಮೂಳೆಗಳ ಜೋಡಣೆಯಲ್ಲ, ಒಂದೇ ಮೂಳೆ ಎಂಬುದು ಅವುಗಳಲ್ಲೊಂದು. ಅದೇ ವರ್ಷ ಕೊಪರ್ನಿಕಸ್‌ನ ಗ್ರಂಥವೂ ಹೊರಬಂತು. ಅದು ಆಕಾಶವನ್ನು ಹೊಸದಾಗಿ ನೋಡಲು ಕಲಿಸಿದರೆ, ಇದು ದೇಹವನ್ನು.

ಪುಸ್ತಕದ ಅಚ್ಚಿಗಾಗಿ ಬಾಸೆಲ್‌ಗೆ ಹೋಗಿದ್ದಾಗ ವೆಸೇಲಿಯಸ್ ಶಿರಚ್ಛೇದಕ್ಕೊಳಗಾದ ಯಾಕೋಬ್ ಕಾರರ್ ಎಂಬ ಅಪರಾಧಿಯ ದೇಹವನ್ನು ಛೇದಿಸಿ ಅಸ್ಥಿಪಂಜರವನ್ನು ಅಲ್ಲಿನ ವಿಶ್ವವಿದ್ಯಾಲಯಕ್ಕೆ ಕೊಟ್ಟ. ಅದು ಇಂದಿಗೂ ಆ ಊರಿನ ಸಂಗ್ರಹಾಲಯದಲ್ಲಿದೆ. ಪಡುವಾದಲ್ಲಿ 1595ರ ಹೊತ್ತಿಗೆ ಸಿದ್ಧವಾದ ಶವಚ್ಛೇದನ ರಂಗಮಂದಿರವೂ ಉಳಿದುಬಂದಿದೆ. ಮೊಟ್ಟೆಯಾಕಾರದ ಕಿರಿದಾದ ಆ ಮಂದಿರದಲ್ಲಿ ವಿದ್ಯಾರ್ಥಿಗಳು ಆರು ಸುತ್ತುಗಳ ಅಟ್ಟಣೆಗಳಲ್ಲಿ ನಿಂತು, ಕೆಳಗಿನ ಮೇಜಿನ ಮೇಲೆ ಬಗ್ಗಿ ನೋಡಬೇಕಿತ್ತು. ರಕ್ತಪರಿಚಲನೆಯನ್ನು ಕಂಡುಹಿಡಿದ ವಿಲಿಯಂ ಹಾರ್ವೆ ಪಡುವಾದಲ್ಲಿ ಕಲಿತು 1602ರಲ್ಲಿ ಪದವಿ ಪಡೆದವನು.

ಗೋರಿಗಳ ಕಾವಲು

ವಿದ್ಯೆ ಬೆಳೆದಂತೆ ದೇಹಗಳ ಬೇಡಿಕೆಯೂ ಬೆಳೆಯಿತು. ಇಂಗ್ಲೆಂಡಿನ ಎಂಟನೆಯ ಹೆನ್ರಿ 1540ರಲ್ಲಿ ಕ್ಷೌರಿಕ–ಶಸ್ತ್ರವೈದ್ಯರ ಸಂಘಕ್ಕೆ ವರ್ಷಕ್ಕೆ ಗಲ್ಲಿಗೇರಿದ ನಾಲ್ವರ ದೇಹಗಳನ್ನು ಕೊಡಲು ಒಪ್ಪಿದ್ದ. 1752ರಲ್ಲಿ ಜಾರಿಗೆ ಬಂದ ಕಾಯಿದೆ, ಕೊಲೆಗಾರನ ಶವವನ್ನು ಹೂಳುವಂತಿಲ್ಲ, ಛೇದನಕ್ಕೆ ಕೊಡಬೇಕು ಇಲ್ಲವೆ ಸರಪಳಿಯಲ್ಲಿ ತೂಗುಹಾಕಬೇಕು ಎಂದಿತು. ಶವಚ್ಛೇದನ ಹೀಗೆ ಕಾನೂನಿನ ಪ್ರಕಾರವೇ ಮರಣದಂಡನೆಯ ಮೇಲಿನ ಇನ್ನೊಂದು ದಂಡನೆಯಾಯಿತು. ಜನರ ಮನಸ್ಸಿನಲ್ಲಿ ಅದರ ಬಗ್ಗೆ ಭಯ, ಅವಮಾನ ಬೇರೂರಿದ್ದರೆ ಆಶ್ಚರ್ಯವಿಲ್ಲ.

ಗಲ್ಲಿಗೇರಿದವರು ನೂರಾರು ವಿದ್ಯಾರ್ಥಿಗಳಿಗೆ ಸಾಲುವಂತಿರಲಿಲ್ಲ. ಆಗ ಹುಟ್ಟಿಕೊಂಡವರು ಹೆಣಗಳ್ಳರು. ಅಂದಿನ ಇಂಗ್ಲಿಷ್ ಕಾನೂನಿನಲ್ಲಿ ಹೆಣ ಯಾರ ಆಸ್ತಿಯೂ ಅಲ್ಲ. ಹೆಣ ಕದ್ದರೆ ಸಣ್ಣ ಶಿಕ್ಷೆ, ಅದರ ಮೇಲಿನ ಬಟ್ಟೆ ಕದ್ದರೆ ದೊಡ್ಡ ಶಿಕ್ಷೆ. ಕಳ್ಳರು ಬಟ್ಟೆಯನ್ನು ಗೋರಿಯಲ್ಲೇ ಬಿಟ್ಟು ಹೆಣವನ್ನಷ್ಟೇ ಒಯ್ಯುತ್ತಿದ್ದರು. ಉಳ್ಳವರು ಗೋರಿಗಳಿಗೆ ಕಬ್ಬಿಣದ ಪಂಜರ ಹಾಕಿಸಿದರು, ಕಾವಲುಗೋಪುರ ಕಟ್ಟಿಸಿದರು. ಸ್ಕಾಟ್ಲೆಂಡಿನ ಹಳೆಯ ಸ್ಮಶಾನಗಳಲ್ಲಿ ಅವು ಇಂದಿಗೂ ಕಾಣಸಿಗುತ್ತವೆ. ಪಂಜರಕ್ಕೆ ಹಣವಿಲ್ಲದವರು ರಾತ್ರಿಯಿಡೀ ತಾವೇ ಗೋರಿ ಕಾಯಬೇಕಾಯಿತು.

1827ರ ಕೊನೆಯಲ್ಲಿ ಎಡಿನ್‌ಬರೋ ನಗರದಲ್ಲಿ ಹೇರ್ ಎಂಬಾತನ ವಸತಿಗೃಹದಲ್ಲಿದ್ದ ಮುದುಕನೊಬ್ಬ ಬಾಡಿಗೆ ಬಾಕಿ ಉಳಿಸಿ ಸತ್ತ. ಹೇರ್ ಮತ್ತು ಅವನ ಗೆಳೆಯ ಬರ್ಕ್ ಆ ಹೆಣವನ್ನು ಅಂಗರಚನಾಶಾಸ್ತ್ರದ ಪ್ರಸಿದ್ಧ ಅಧ್ಯಾಪಕ ರಾಬರ್ಟ್ ನಾಕ್ಸ್‌ನ ಶಾಲೆಗೆ ಏಳೂವರೆ ಪೌಂಡಿಗೆ ಮಾರಿದರು. ರುಚಿ ಹತ್ತಿತು. ಮುಂದಿನ ಹತ್ತು ತಿಂಗಳೊಳಗೆ ಇಬ್ಬರೂ ಸೇರಿ 16 ಜನರನ್ನು ಉಸಿರುಕಟ್ಟಿಸಿ ಕೊಂದು ಅದೇ ಬಾಗಿಲಿಗೆ ತಲುಪಿಸಿದರು. ಸತ್ತವರಲ್ಲಿ ಬಹುತೇಕರು ಭಿಕ್ಷುಕರು, ಅಲೆಮಾರಿಗಳು, ಒಂಟಿ ಹೆಂಗಸರು. ಊರಿನ ಬೀದಿಗಳಲ್ಲಿ ಎಲ್ಲರಿಗೂ ಪರಿಚಿತನಾಗಿದ್ದ ಜೇಮಿ ಎಂಬ ಬುದ್ಧಿಮಾಂದ್ಯ ಹುಡುಗನೂ ಅವರಲ್ಲೊಬ್ಬ. ಮೇಜಿನ ಮೇಲೆ ಅವನ ಮುಖವನ್ನು ಕೆಲವು ವಿದ್ಯಾರ್ಥಿಗಳು ಗುರುತಿಸಿದರೆಂಬ ಮಾತಿದೆ. ಪಾಠ ಮಾತ್ರ ನಿಲ್ಲಲಿಲ್ಲ. ಹೇರ್ ಸರ್ಕಾರಿ ಸಾಕ್ಷಿಯಾಗಿ ಪಾರಾದ. ಬರ್ಕ್ 1829ರ ಜನವರಿ 28ರಂದು ಗಲ್ಲಿಗೇರಿದ. ಕಾನೂನಿನಂತೆ ಅವನ ದೇಹವನ್ನೂ ಛೇದಿಸಲಾಯಿತು. ಅವನ ಅಸ್ಥಿಪಂಜರ ಎಡಿನ್‌ಬರೋ ವಿಶ್ವವಿದ್ಯಾಲಯದ ಸಂಗ್ರಹಾಲಯದಲ್ಲಿದೆ. ನಾಕ್ಸ್‌ನ ಮೇಲೆ ಮೊಕದ್ದಮೆಯೇ ಆಗಲಿಲ್ಲ.

ಈ ಕೊಲೆಗಳಿಗೆ ಸ್ವಲ್ಪ ಮುಂಚೆ, 1825ರಲ್ಲಿ, ಅದೇ ಎಡಿನ್‌ಬರೋದಲ್ಲಿ ಹದಿನಾರು ವರ್ಷದ ಹುಡುಗನೊಬ್ಬ ವೈದ್ಯಕೀಯಕ್ಕೆ ಸೇರಿದ್ದ. ಅಂಗರಚನೆಯ ಉಪನ್ಯಾಸಗಳು ಅವನಿಗೆ ಬೇಸರ ತರಿಸಿದವು, ಶವಚ್ಛೇದನ ಹೇಸಿಗೆಯೆನಿಸಿತು. ಅರಿವಳಿಕೆಯಿಲ್ಲದ ಆ ಕಾಲದಲ್ಲಿ ಮಗುವೊಂದಕ್ಕೆ ನಡೆಯುತ್ತಿದ್ದ ಶಸ್ತ್ರಕ್ರಿಯೆಯನ್ನು ನೋಡಲಾರದೆ ಅರ್ಧಕ್ಕೇ ಎದ್ದು ಹೋದ. ಎರಡು ವರ್ಷದಲ್ಲಿ ಓದನ್ನೇ ಬಿಟ್ಟ. ಆ ಹುಡುಗ ಚಾರ್ಲ್ಸ್ ಡಾರ್ವಿನ್. ಛೇದನದ ಅಭ್ಯಾಸ ಮಾಡದೆ ಹೋದದ್ದು ತನಗಾದ ದೊಡ್ಡ ನಷ್ಟವೆಂದು ಅವನು ಮುಂದೆ ಆತ್ಮಕಥೆಯಲ್ಲಿ ಬರೆದ. ಮೊದಲ ವರ್ಷದಲ್ಲಿ ತಲೆಸುತ್ತು ಬಂದವರು ಇದರಿಂದ ಸಮಾಧಾನ ಪಡಬಹುದು.

ಬಡತನಕ್ಕೆ ಶಿಕ್ಷೆ

ಬ್ರಿಟನ್ನಿನ ಸಂಸತ್ತು 1832ರಲ್ಲಿ ಅನಾಟಮಿ ಕಾಯಿದೆಯನ್ನು ತಂದಿತು. ಕೊಲೆಗಾರರ ದೇಹವನ್ನು ಛೇದಿಸುವ ಶಿಕ್ಷೆ ರದ್ದಾಯಿತು. ಅದರ ಬದಲು, ಅನಾಥಾಲಯ ಮತ್ತು ಆಸ್ಪತ್ರೆಗಳಲ್ಲಿ ಸತ್ತು, ಕೇಳುವವರಿಲ್ಲದೆ ಉಳಿದವರ ದೇಹಗಳನ್ನು ವೈದ್ಯಶಾಲೆಗಳಿಗೆ ಕೊಡಬಹುದಾಯಿತು. ಹೆಣಗಳ್ಳರ ಕಸುಬು ಮುಗಿಯಿತು. ಆದರೆ ನಿನ್ನೆಯವರೆಗೆ ಕೊಲೆಗೆ ವಿಧಿಸುತ್ತಿದ್ದ ಶಿಕ್ಷೆ ಇನ್ನು ಮುಂದೆ ಬಡತನಕ್ಕೆ ಬಂತು ಎಂದು ಬಡವರು ಭಾವಿಸಿದ್ದರಲ್ಲಿ ತಪ್ಪಿರಲಿಲ್ಲ. ‘ಕೇಳುವವರಿಲ್ಲ’ ಎಂದರೆ ಬಂಧುಗಳಿಲ್ಲ ಎಂದೇ ಅರ್ಥವಲ್ಲ. ಬಂಧುಗಳ ಬಳಿ ಹೂಳುವಷ್ಟು ಹಣವಿಲ್ಲ ಎಂಬ ಅರ್ಥವೂ ಅದರಲ್ಲಿತ್ತು.

ಅದೇ ವರ್ಷ ಇದಕ್ಕೆ ವಿರುದ್ಧವಾದ ಒಂದು ಉದಾಹರಣೆಯೂ ಸಿಗುತ್ತದೆ. ತತ್ತ್ವಜ್ಞಾನಿ ಜೆರೆಮಿ ಬೆಂಥಾಮ್ 1832ರ ಜೂನ್ 6ರಂದು ತೀರಿಕೊಂಡ. ತನ್ನ ದೇಹವನ್ನು ಎಲ್ಲರೆದುರು ಛೇದಿಸಿ ಪಾಠಕ್ಕೆ ಬಳಸಬೇಕೆಂದು ಅವನು ಉಯಿಲು ಬರೆದಿಟ್ಟಿದ್ದ. ಮೂರು ದಿನಗಳ ಬಳಿಕ ಅವನ ಸ್ನೇಹಿತ ವೈದ್ಯ ಸೌತ್‌ವುಡ್ ಸ್ಮಿತ್ ಅದನ್ನು ನಡೆಸಿಕೊಟ್ಟ. ಬಡವರ ದೇಹದಿಂದ ವಿದ್ಯೆ ಬೆಳೆಯುವುದಾದರೆ ತನ್ನದೂ ಅದೇ ಮೇಜಿನ ಮೇಲೆ ಇರಲಿ ಎಂದವರು ಅಂದು ವಿರಳ.

ಕಲ್ಕತ್ತೆಯ ಮುಚ್ಚಿದ ಬಾಗಿಲು

ಗವರ್ನರ್ ಜನರಲ್ ವಿಲಿಯಂ ಬೆಂಟಿಂಕ್ 1835ರ ಜನವರಿಯಲ್ಲಿ ಕಲ್ಕತ್ತಾ ಮೆಡಿಕಲ್ ಕಾಲೇಜಿನ ಸ್ಥಾಪನೆಗೆ ಆಜ್ಞೆ ಹೊರಡಿಸಿದ. ಅದೇ ವರ್ಷ ಮದರಾಸಿನಲ್ಲೂ ವೈದ್ಯಶಾಲೆ ತೆರೆಯಿತು. ಮುಂಬಯಿಯ ಗ್ರಾಂಟ್ ಮೆಡಿಕಲ್ ಕಾಲೇಜು 1845ರಲ್ಲಿ ಬಂತು. ಅದಕ್ಕೆ ಮೊದಲು ಕಲ್ಕತ್ತೆಯಲ್ಲಿ ವೈದ್ಯ ಕಲಿಯುತ್ತಿದ್ದ ಹುಡುಗರಿಗೆ ಪ್ರಾಣಿಗಳ ದೇಹ ಮತ್ತು ಮಾದರಿಗಳೇ ಗತಿಯಾಗಿದ್ದವು. ಹೊಸ ಕಾಲೇಜಿನ ನಿಯಮ ಸ್ಪಷ್ಟವಾಗಿತ್ತು. ಮನುಷ್ಯನ ಶವವನ್ನು ಸ್ವಂತ ಕೈಯಿಂದ ಛೇದಿಸದೆ ವೈದ್ಯನಾಗುವಂತಿಲ್ಲ. ಮೇಲ್ಜಾತಿಯ ಮನೆಗಳಿಂದ ಬಂದ ಹುಡುಗರ ಪಾಲಿಗೆ ಇದು ಜಾತಿ ಕಳೆದುಕೊಳ್ಳುವ ಪ್ರಶ್ನೆ. ಸೂತಕದ ಸ್ನಾನವಾಗದೆ ಮನೆಯೊಳಗೆ ಕಾಲಿಡದವರು ದಿನವೂ ಹೆಣ ಮುಟ್ಟುವುದೆಂದರೆ?

ದಾರಿ ತೋರಿಸಿದವರು ಮಧುಸೂದನ ಗುಪ್ತ. ಅವರು ವೈದ್ಯರ ಮನೆತನದವರು. ಸಂಸ್ಕೃತ ಕಾಲೇಜಿನಲ್ಲಿ ಆಯುರ್ವೇದ ಬೋಧಿಸುತ್ತಿದ್ದವರು. 1836ರಲ್ಲಿ ಒಂದು ದಿನ ಅವರು ಕೆಲವು ವಿದ್ಯಾರ್ಥಿಗಳೊಂದಿಗೆ ಕಾಲೇಜಿನ ಆವರಣದ ಕೊಠಡಿಯೊಂದನ್ನು ಹೊಕ್ಕು ಶವಕ್ಕೆ ಕತ್ತಿ ಇಟ್ಟರು. ಜನ ನುಗ್ಗಿ ಬಂದಾರೆಂಬ ಭಯದಿಂದ ಕಾಲೇಜಿನ ಬಾಗಿಲುಗಳನ್ನು ಮುಚ್ಚಲಾಗಿತ್ತು ಎಂದು ಮುಂದೆ ಶಿಕ್ಷಣಾಧಿಕಾರಿ ಬೆಥೂನ್ ತನ್ನ ಭಾಷಣದಲ್ಲಿ ನೆನೆದ. ಅಂದು ಫೋರ್ಟ್ ವಿಲಿಯಂ ಕೋಟೆಯಿಂದ ತೋಪು ಹಾರಿಸಲಾಯಿತು ಎಂಬ ಪ್ರತೀತಿಯೂ ಇದೆ. ತೋಪಿನ ಕಥೆ ಏನೇ ಇರಲಿ, ಅಂದು ಒಂದು ಗೋಡೆ ಬಿದ್ದದ್ದು ನಿಜ. 1837ರಲ್ಲಿ ಆ ಕಾಲೇಜಿನಲ್ಲಿ 60 ದೇಹಗಳ ಛೇದನ ನಡೆಯಿತು. ಮರುವರ್ಷ ಅದು 120ಕ್ಕೆ ಏರಿತು. 1844ರ ಹೊತ್ತಿಗೆ 500ನ್ನು ದಾಟಿತು.

ಸುಶ್ರುತನನ್ನು ಓದಿದ ಪಂಡಿತರೊಬ್ಬರು ಈ ಹೆಜ್ಜೆ ಇಟ್ಟದ್ದು ಅರ್ಥಪೂರ್ಣ. ಪರಕೀಯರ ವಿದ್ಯೆಗೆ ತಲೆಬಾಗಿದರೆಂದು ಕೆಲವರು ಅವರನ್ನು ಹಳಿದಿರಬಹುದು. ಆದರೆ ಕಣ್ಣಾರೆ ನೋಡು ಎಂದ ತಮ್ಮದೇ ಶಾಸ್ತ್ರದ ಮಾತನ್ನು ಅವರು ಮತ್ತೆ ಆಚರಣೆಗೆ ತಂದರೆನ್ನುವುದೂ ಅಷ್ಟೇ ಸರಿ. ಆದರೂ ಐನೂರು ದೇಹಗಳ ಲೆಕ್ಕವನ್ನು ಓದುವಾಗ ಇನ್ನೊಂದು ಮಾತು ಮರೆಯಬಾರದು. ಹುಡುಗರ ಜಾತಿ ಹೋಗುವುದೇ ಎಂಬ ಚರ್ಚೆ ದಾಖಲೆಗಳಲ್ಲಿ ಉಳಿದಿದೆ. ಮೇಜಿನ ಮೇಲಿದ್ದವರ ಹೆಸರು ಯಾರ ಬಾಯಲ್ಲೂ ಉಳಿದಿಲ್ಲ.

ಬಾಗಿಲಲ್ಲಿ ತಡೆದು ನಿಂತ ಹೆಣ್ಣುಮಕ್ಕಳು

ಇಂದು ಮೊದಲ ವರ್ಷದ ತರಗತಿಯಲ್ಲಿ ಹುಡುಗಿಯರು ದೊಡ್ಡ ಸಂಖ್ಯೆಯಲ್ಲಿ ಕುಳಿತಿರುತ್ತಾರೆ. ನೂರೈವತ್ತು ವರ್ಷಗಳ ಹಿಂದೆ ಅವರನ್ನು ತಡೆಯಲು ಮುಂದೊಡ್ಡುತ್ತಿದ್ದ ಮುಖ್ಯ ನೆಪ ಶವಚ್ಛೇದನವೇ. ಪರಪುರುಷರ ಜೊತೆ ನಿಂತು ನಗ್ನದೇಹವನ್ನು ನೋಡುವುದು ಹೆಣ್ಣಿಗೆ ತಕ್ಕುದಲ್ಲ ಎಂಬುದು ವಾದ. 1869ರಲ್ಲಿ ಸೋಫಿಯಾ ಜೆಕ್ಸ್–ಬ್ಲೇಕ್ ಮತ್ತು ಅವರ ಸಂಗಾತಿಗಳು, ಒಟ್ಟು ಏಳು ಮಂದಿ, ಎಡಿನ್‌ಬರೋ ವಿಶ್ವವಿದ್ಯಾಲಯ ಸೇರಿದರು. 1870ರ ನವೆಂಬರ್ 18ರಂದು ಅವರು ಅಂಗರಚನಾಶಾಸ್ತ್ರದ ಪರೀಕ್ಷೆಗೆ ಬಂದಾಗ ಗುಂಪು ಸೇರಿದ ಹುಡುಗರು ಕೆಸರೆರಚಿದರು, ಗೇಟು ಮುಚ್ಚಿದರು, ಪರೀಕ್ಷೆಯ ಕೊಠಡಿಯೊಳಕ್ಕೆ ಒಂದು ಕುರಿಯನ್ನೂ ನೂಕಿದರು. ಪರೀಕ್ಷೆ ನಡೆಯಿತು, ಪದವಿ ಮಾತ್ರ ಸಿಗಲಿಲ್ಲ. ಆ ಏಳು ಮಂದಿಗೆ ವಿಶ್ವವಿದ್ಯಾಲಯ ಮರಣೋತ್ತರ ಪದವಿ ಕೊಟ್ಟದ್ದು 2019ರಲ್ಲಿ.

ಮದರಾಸಿನ ಕಾಲೇಜು 1875ರಲ್ಲೇ ಮೇರಿ ಶಾರ್ಲೀಬ್ ಸೇರಿ ನಾಲ್ವರು ಹೆಂಗಸರಿಗೆ ಬಾಗಿಲು ತೆರೆದದ್ದು ಹೆಮ್ಮೆಯ ಸಂಗತಿ. ಹದಿನಾಲ್ಕನೆಯ ವಯಸ್ಸಿನಲ್ಲಿ ಹೆತ್ತ ಕೂಸನ್ನು ಹತ್ತೇ ದಿನಕ್ಕೆ ಕಳೆದುಕೊಂಡ ಆನಂದಿಬಾಯಿ ಜೋಶಿ 1883ರಲ್ಲಿ ಹಡಗು ಹತ್ತಿ ಅಮೆರಿಕದ ಫಿಲಡೆಲ್ಫಿಯಾಕ್ಕೆ ಹೋದರು. 1886ರಲ್ಲಿ ವೈದ್ಯ ಪದವಿ ಪಡೆದರು. ಮರುವರ್ಷವೇ, ಇಪ್ಪತ್ತೆರಡು ತುಂಬುವ ಮೊದಲೇ, ಕ್ಷಯಕ್ಕೆ ಬಲಿಯಾದರು. ಕಲ್ಕತ್ತೆಯಲ್ಲಿ ಕಾದಂಬಿನಿ ಗಂಗೂಲಿ ವೈದ್ಯಶಿಕ್ಷಣ ಮುಗಿಸಿದ್ದೂ 1886ರಲ್ಲೇ.

ಪುಸ್ತಕ ಮತ್ತು ಬೇಸಿನ್

ವಿದ್ಯಾರ್ಥಿಯ ಮೇಜಿನ ಮೇಲಿನ ಪುಸ್ತಕಕ್ಕೂ ನಮ್ಮ ದೇಶಕ್ಕೂ ಒಂದು ನಂಟಿದೆ. ಲಂಡನ್ನಿನ ಹೆನ್ರಿ ಗ್ರೇ 1858ರಲ್ಲಿ ಪ್ರಕಟಿಸಿದ ಅಂಗರಚನಾಶಾಸ್ತ್ರ ‘ಗ್ರೇಸ್ ಅನಾಟಮಿ’ ಎಂದೇ ಜಗತ್ಪ್ರಸಿದ್ಧ. ಅದರ 363 ಚಿತ್ರಗಳನ್ನು ಬರೆದವನು ಹೆನ್ರಿ ವ್ಯಾಂಡೈಕ್ ಕಾರ್ಟರ್. ಗೌರವಧನದ ಪಾಲು ಗ್ರೇಗೆ ಪ್ರತಿ ಮುದ್ರಣದಲ್ಲೂ ಸಂದಿತು; ಕಾರ್ಟರನಿಗೆ ಒಂದೇ ಬಾರಿಯ ಸಂಭಾವನೆ. ಗ್ರೇ 1861ರಲ್ಲಿ ಸಿಡುಬಿನಿಂದ ತೀರಿಕೊಂಡ. ಕಾರ್ಟರ್ ಪುಸ್ತಕ ಹೊರಬಂದ ವರ್ಷವೇ ಮುಂಬಯಿಗೆ ಬಂದು ಗ್ರಾಂಟ್ ಕಾಲೇಜಿನಲ್ಲಿ ಅಂಗರಚನೆ ಬೋಧಿಸಿದ. ಕುಷ್ಠ, ಮರುಕಳಿಸುವ ಜ್ವರ, ಕಾಲು ಊದಿಸುವ ಶಿಲೀಂಧ್ರ ರೋಗಗಳ ಮೇಲೆ ಮೂರು ದಶಕ ದುಡಿದು 1888ರಲ್ಲಿ ನಿವೃತ್ತನಾದ. ಚಿತ್ರಗಳಲ್ಲಿ ಕಾಣುವ ದೇಹಗಳು 1832ರ ಕಾಯಿದೆಯ ದಾರಿಯಲ್ಲಿ ಬಂದ ಲಂಡನ್ನಿನ ಬಡವರವು. ಆ ಪುಸ್ತಕದ ಮುಖಪುಟದಲ್ಲಿ ಗ್ರೇಯ ಹೆಸರಿದೆ, ಕಾರ್ಟರನ ಹೆಸರಿದೆ. ಮೂರನೆಯವರ ಹೆಸರಿಲ್ಲ.

ಛೇದನದ ಕೊಠಡಿಯಿಂದ ಹೊರಬರುವಾಗ ಕೈ ತೊಳೆಯುವ ಬೇಸಿನ್ನಿಗೂ ಒಂದು ದುಃಖದ ಇತಿಹಾಸವಿದೆ. ವಿಯೆನ್ನಾದ ದೊಡ್ಡ ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಾರ್ಡುಗಳಿದ್ದವು. ಒಂದರಲ್ಲಿ ವೈದ್ಯವಿದ್ಯಾರ್ಥಿಗಳು, ಇನ್ನೊಂದರಲ್ಲಿ ಸೂಲಗಿತ್ತಿಯರು. 1846ರಲ್ಲಿ ಮೊದಲನೆಯದರಲ್ಲಿ ನೂರಕ್ಕೆ ಹನ್ನೊಂದಕ್ಕೂ ಹೆಚ್ಚು ಬಾಣಂತಿಯರು ಸತ್ತರೆ, ಎರಡನೆಯದರಲ್ಲಿ ಮೂರಕ್ಕಿಂತ ಕಡಿಮೆ. ವಿದ್ಯಾರ್ಥಿಗಳು ಶವಪರೀಕ್ಷೆ ಮುಗಿಸಿ ಅದೇ ಕೈಯಲ್ಲಿ ಹೆರಿಗೆ ಮಾಡಿಸಲು ಬರುತ್ತಿದ್ದರು ಎಂಬುದನ್ನು ಗಮನಿಸಿದವನು ಸೆಮ್ಮೆಲ್‌ವೈಸ್. 1847ರಲ್ಲಿ ಅವನು ಸುಣ್ಣದ ಕ್ಲೋರಿನ್ ದ್ರಾವಣದಲ್ಲಿ ಕೈ ತೊಳೆಯುವುದನ್ನು ಕಡ್ಡಾಯ ಮಾಡಿದ. 1848ರಲ್ಲಿ ಸಾವು ನೂರಕ್ಕೆ ಒಂದೂಕಾಲರಷ್ಟಕ್ಕೆ ಇಳಿಯಿತು. ಶವ ಕಲಿಸುವುದು ಮಾತ್ರವಲ್ಲ, ಅಜಾಗರೂಕ ವಿದ್ಯಾರ್ಥಿಯ ಕೈಯಲ್ಲಿ ಕೊಲ್ಲಲೂಬಹುದು ಎಂಬ ಪಾಠಕ್ಕೆ ಸಾವಿರಾರು ತಾಯಂದಿರು ಬೆಲೆ ತೆತ್ತರು. 1893ರಲ್ಲಿ ಜರ್ಮನಿಯ ಫರ್ಡಿನಾಂಡ್ ಬ್ಲುಮ್ ಫಾರ್ಮಲಿನ್ನಿನ ಸಂರಕ್ಷಕ ಗುಣವನ್ನು ತೋರಿಸಿದ ಮೇಲೆ ಚಳಿಗಾಲದ ಹಂಗೂ ತಪ್ಪಿತು.

ನಮ್ಮ ನಾಡಿನಲ್ಲಿ

ಮೈಸೂರು ಸಂಸ್ಥಾನದ ವೈದ್ಯಕೀಯ ಕಾಲೇಜು 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ 1930ರಲ್ಲಿ ಮೈಸೂರಿಗೆ ಬಂತು. 1953ರಲ್ಲಿ ಟಿ.ಎಂ.ಎ. ಪೈ ಅವರು ಮಣಿಪಾಲದಲ್ಲಿ ಖಾಸಗಿ ವೈದ್ಯಕೀಯ ಕಾಲೇಜನ್ನು ತೆರೆದರು. 1955ರಲ್ಲಿ ಬೆಂಗಳೂರಿನಲ್ಲೂ 1957ರಲ್ಲಿ ಹುಬ್ಬಳ್ಳಿಯಲ್ಲೂ ಕಾಲೇಜುಗಳಾದವು. ಕಾಲೇಜುಗಳೊಡನೆ ಕಾನೂನೂ ಬಂತು. ಮುಂಬಯಿ ಪ್ರಾಂತದಲ್ಲಿ 1949ರ ಅನಾಟಮಿ ಕಾಯಿದೆ, ನಮ್ಮ ರಾಜ್ಯದಲ್ಲಿ 1957ರದ್ದು. ಎರಡರ ತಿರುಳೂ 1832ರ ಬ್ರಿಟಿಷ್ ಕಾಯಿದೆಯದೇ. ನಿಗದಿತ ಅವಧಿಯೊಳಗೆ ವಾರಸುದಾರರು ಬಾರದ ಶವವನ್ನು ವೈದ್ಯಕೀಯ ಕಾಲೇಜಿಗೆ ಕೊಡಬಹುದು.

ಹಾಸ್ಟೆಲಿನ ಮಂಚದ ಕೆಳಗಿನ ಪೆಟ್ಟಿಗೆಯ ಮೂಳೆಗಳಿಗೂ ಇದೇ ಹಿನ್ನೆಲೆ. ಬಹುಕಾಲ ಜಗತ್ತಿನ ವೈದ್ಯವಿದ್ಯಾರ್ಥಿಗಳು ಕಲಿತ ಅಸ್ಥಿಪಂಜರಗಳಲ್ಲಿ ದೊಡ್ಡ ಪಾಲು ಕಲ್ಕತ್ತೆಯಿಂದ ರಫ್ತಾದವು. ಗೋರಿ ಅಗೆದು, ಸುಡಲು ಸೌದೆಗೆ ಗತಿಯಿಲ್ಲದವರ ಹೆಣ ಎತ್ತಿ ಈ ವ್ಯಾಪಾರ ನಡೆಯುತ್ತದೆಂಬ ಆರೋಪಗಳು ಬಲವಾದಾಗ ಭಾರತ ಸರ್ಕಾರ 1985ರಲ್ಲಿ ರಫ್ತನ್ನು ನಿಷೇಧಿಸಿತು. ಎಡಿನ್‌ಬರೋದ ಹೆಣಗಳ್ಳರು ಇಪ್ಪತ್ತನೆಯ ಶತಮಾನದಲ್ಲೂ ಬೇರೆ ವೇಷದಲ್ಲಿ ಬದುಕಿದ್ದರು ಎನ್ನಬೇಕು.

ಕೇಳದೆ ಪಡೆದದ್ದು, ಕೇಳದೆಯೇ ಕೊಟ್ಟದ್ದು

ಕಳೆದ ಕೆಲವು ದಶಕಗಳಲ್ಲಿ ಚಿತ್ರ ನಿಧಾನವಾಗಿ ಬದಲಾಗುತ್ತಿದೆ. ದೇಹದಾನಕ್ಕೆ ಒಪ್ಪಿ ಬರೆದುಕೊಡುವವರು ಹೆಚ್ಚುತ್ತಿದ್ದಾರೆ. ಪಶ್ಚಿಮ ಬಂಗಾಳದ ಮಾಜಿ ಮುಖ್ಯಮಂತ್ರಿ ಜ್ಯೋತಿ ಬಸು ಅವರ ದೇಹ 2010ರಲ್ಲಿ ಚಿತೆಗೆ ಹೋಗದೆ ಆಸ್ಪತ್ರೆಗೆ ಹೋಯಿತು. ಸೀತಾರಾಮ್ ಯೆಚೂರಿ ಅವರದು 2024ರಲ್ಲಿ ದೆಹಲಿಯ ಏಮ್ಸ್ ಸೇರಿತು. 2010ರಲ್ಲಿ ಬೆಳಗಾವಿಯಲ್ಲಿ ಅಂಗರಚನೆಯ ಅಧ್ಯಾಪಕರೊಬ್ಬರು, ತಂದೆಯ ಇಚ್ಛೆಯಂತೆಯೇ, ದಾನವಾಗಿದ್ದ ತಂದೆಯ ದೇಹವನ್ನು ತಾವೇ ವಿದ್ಯಾರ್ಥಿಗಳೆದುರು ಛೇದಿಸಿ ಪಾಠ ಹೇಳಿದರು. ಲೋಕಹಿತಕ್ಕಾಗಿ ತನ್ನ ಮೂಳೆಗಳನ್ನೇ ಕೊಟ್ಟ ದಧೀಚಿಯ ಪುರಾಣಕಥೆ ನಮ್ಮ ಜನಕ್ಕೆ ಗೊತ್ತಿಲ್ಲದ್ದಲ್ಲ. ಆದರೂ ದೇಹ ಬೂದಿಯಾಗದೆ, ಮಣ್ಣಾಗದೆ ಸದ್ಗತಿಯಿಲ್ಲ ಎಂಬ ನಂಬಿಕೆ ಗಟ್ಟಿಯಾಗಿದೆ. ಬರೆದುಕೊಟ್ಟವರು ಸತ್ತ ಮೇಲೆ ಮನೆಯವರು ಒಪ್ಪದೆ ನಿಂತುಹೋದ ದಾನಗಳೂ ಇವೆ.

ಥಾಯ್ಲೆಂಡಿನಲ್ಲಿ ಈ ದೇಹಗಳನ್ನು ‘ಮಹಾಗುರು’ ಎಂಬ ಅರ್ಥದ ಹೆಸರಿನಿಂದ ಕರೆಯುತ್ತಾರೆ. ವಿದ್ಯಾರ್ಥಿಗಳು ಅವರ ಹೆಸರು ತಿಳಿದು, ನಮಸ್ಕರಿಸಿ ಪಾಠ ಶುರುಮಾಡುತ್ತಾರೆ. ವರ್ಷದ ಕೊನೆಗೆ ಗೌರವದಿಂದ ಅಂತ್ಯಸಂಸ್ಕಾರ ನಡೆಯುತ್ತದೆ. ನಮ್ಮ ಅನೇಕ ಕಾಲೇಜುಗಳಲ್ಲೂ ಈಗ ಮೊದಲ ದಿನ ವಿದ್ಯಾರ್ಥಿಗಳು ಶವದೆದುರು ಪ್ರತಿಜ್ಞೆ ಸ್ವೀಕರಿಸುವ ಪದ್ಧತಿ ಬಂದಿದೆ. 2019ರಲ್ಲಿ ಬದಲಾದ ಪಠ್ಯಕ್ರಮ ಮೊದಲ ವರ್ಷದಲ್ಲೇ ರೋಗಿಗಳ ಪರಿಚಯಕ್ಕೂ, ನಡೆನುಡಿಯ ಪಾಠಕ್ಕೂ ಸ್ವಲ್ಪ ಜಾಗ ಕೊಟ್ಟಿದೆ. ಕಂಪ್ಯೂಟರಿನ ಪರದೆಯ ಮೇಲೆ ದೇಹವನ್ನು ಪದರಪದರವಾಗಿ ಬಿಡಿಸಿ ತೋರಿಸುವ ಯಂತ್ರಗಳೂ ಬಂದಿವೆ. ಆದರೆ ಪರದೆಯ ಮೇಲಿನ ದೇಹಕ್ಕೆ ಬದುಕಿದ್ದ ಚರಿತ್ರೆಯಿಲ್ಲ. ದುಡಿದು ದಪ್ಪಗಟ್ಟಿದ ಅಂಗೈ, ಹಳೆಯ ಹೊಲಿಗೆಯ ಗುರುತು, ಹೊಗೆಸೊಪ್ಪಿನ ಕಲೆಯ ಹಲ್ಲು, ಇವು ಮೇಜಿನ ಮೇಲೆ ಮಾತ್ರ ಕಾಣುತ್ತವೆ.

ಆ ಅಂಗೈ ದಾನಿಯದಾಗಿದ್ದರೆ ವಿದ್ಯಾರ್ಥಿ ಕೃತಜ್ಞತೆ ಹೇಳಬಹುದು. ವಾರಸುದಾರರಿಲ್ಲದವರದಾಗಿದ್ದರೆ ಯಾರಿಗೆ ಹೇಳಬೇಕು? ಆ ವ್ಯಕ್ತಿ ಕೊಟ್ಟದ್ದಲ್ಲ, ಕಾನೂನು ತೆಗೆದುಕೊಂಡದ್ದು. ಬದುಕಿದ್ದಾಗ ಅವನಿಗೋ ಅವಳಿಗೋ ಒಳ್ಳೆಯ ವೈದ್ಯರ ಆರೈಕೆ ಸಿಕ್ಕಿರುವ ಸಂಭವ ಕಡಿಮೆ. ಎರಡು ವರ್ಷ ಕಳೆದ ಮೇಲೆ ಅದೇ ವಿದ್ಯಾರ್ಥಿ ಸರ್ಕಾರಿ ಆಸ್ಪತ್ರೆಯ ಜನರಲ್ ವಾರ್ಡಿಗೆ ಕಾಲಿಡುತ್ತಾನೆ. ಅಲ್ಲಿ ನೋಡಿಕೊಳ್ಳುವವರಿಲ್ಲದೆ, ಹೆಸರು ಹೇಳಲೂ ತ್ರಾಣವಿಲ್ಲದೆ ಮಲಗಿರುವ ರೋಗಿಗಳು ಇದ್ದೇ ಇರುತ್ತಾರೆ. ಮೊದಲ ವರ್ಷದ ಸಾಲವನ್ನು ಸಾಲ ಕೊಟ್ಟವರಿಗೆ ತೀರಿಸಲಾಗದು. ಅವರಂಥವರು ಇನ್ನೂ ಉಸಿರಾಡುತ್ತಿರುವಾಗ ಅವರ ಹಾಸಿಗೆಯ ಬಳಿ ಒಂದು ನಿಮಿಷ ಹೆಚ್ಚು ನಿಂತು, ಹೆಸರು ಕೇಳಿ, ನಾಡಿ ಹಿಡಿದು ನೋಡುವ ವೈದ್ಯರಿದ್ದರೆ, ಅಷ್ಟರಮಟ್ಟಿಗೆ ಅದು ಸಂದಾಯವಾದಂತೆ.